ಹಗ್ಗದ ಮೇಲಿನ ಬಟ್ಟೆಗೆ ಐದು ಸಾಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಿಸ್ ಆಗಿ ಇಪ್ಪತ್ತೆರಡು ವರ್ಷ ನಾನು ನೆಮ್ಮದಿಯಾಗಿದ್ದುದಕ್ಕೆ ಕಾರಣ, ನನ್ನನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಗಣಿತದವರನ್ನು ರಿಸಲ್ಟ್ ಕೇಳುತ್ತಾರೆ, ವಿಜ್ಞಾನದವರನ್ನು ಲ್ಯಾಬಿನ ಬೀಗದ ಕೈ ಕೇಳುತ್ತಾರೆ, ಪಿ.ಟಿ. ಮೇಷ್ಟ್ರನ್ನು ಮಕ್ಕಳು ಚೆಂಡು ಕೇಳುತ್ತಾರೆ. ನನ್ನನ್ನು ಕೇಳುವುದು ಒಂದೇ: "ಮಿಸ್, ಇವತ್ತು ನಿಮ್ಮ ಪೀರಿಯಡ್ ಕೊಡ್ತೀರಾ? ಪೋರ್ಷನ್ ಮುಗಿದಿಲ್ಲ." ನಾನು ಕೊಡುತ್ತೇನೆ. ಕೊಟ್ಟು ಸ್ಟಾಫ್ ರೂಮಿನ ಕಿಟಕಿಯ ಬಳಿ ಕುಳಿತು, ಎದುರಿನ ಹುಣಸೆಮರ ಹೋದ ವರ್ಷಕ್ಕಿಂತ ಈ ವರ್ಷ ಎಷ್ಟು ಅಗಲವಾಗಿದೆ ಎಂದು ನೋಡುತ್ತಿರುತ್ತೇನೆ. ಉಳಿದಂತೆ ಸ್ವಾತಂತ್ರ್ಯ ದಿನಾಚರಣೆಗೆ ರಂಗೋಲಿ, ಶಾಲಾ ವಾರ್ಷಿಕೋತ್ಸವಕ್ಕೆ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ 'ಸುಸ್ವಾಗತ'. ಆ ಪದವನ್ನು ನನ್ನಷ್ಟು ಸಲ ಬರೆದವರು ಹೊಸದುರ್ಗ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಾರರು. ನಮ್ಮ ಮನೆಗೆ ಯಾರೂ ಬರುವುದಿಲ್ಲ ಎನ್ನುವುದು ಬೇರೆ ವಿಷಯ.

ಮನೆ ಎಂದರೆ ಶ್ರೀರಾಂಪುರದಲ್ಲಿ ನಾನು ಬಾಡಿಗೆಗಿರುವ ಮಹಡಿಯ ಮೇಲಿನ ಒಂದೂವರೆ ಕೋಣೆ. ಆ ಅರ್ಧ ಕೋಣೆ ಯಾವುದು ಎಂದು ಕೇಳಬೇಡಿ, ಮಾಲೀಕರಾದ ಶಾಂತಕ್ಕನವರಿಗೂ ಗೊತ್ತಿಲ್ಲ. ಕೆಳಗೆ ಅವರ ಸಂಸಾರ: ಗಂಡ, ಅತ್ತೆ, ಇಬ್ಬರು ಮಕ್ಕಳು, ಒಬ್ಬಳು ಸೊಸೆ, ಒಂದು ಕೂಸು, ಜೊತೆಗೆ ಓದಲಿಕ್ಕೆಂದು ಬಂದು ಉಳಿದಿರುವ ಅಣ್ಣನ ಮಗಳು. ಮೇಲೆ ನಾನು. ಮದುವೆಯ ವಯಸ್ಸಿನಲ್ಲಿ ಮದುವೆಯಾಗಲಿಲ್ಲ, ಆಮೇಲೆ ಆ ಮಾತು ಎತ್ತುವವರೂ ಇಲ್ಲವಾದರು. ಅಮ್ಮ ನನ್ನ ಜೊತೆಗೇ ಇದ್ದಳು. ನಾಲ್ಕು ವರ್ಷದ ಹಿಂದೆ ಹೋದಳು. ಆಗಿನಿಂದ ನಾನು ಅಡುಗೆ ಮಾಡುವಾಗ ಕುಕ್ಕರಿನ ಜೊತೆ ಮಾತಾಡುತ್ತೇನೆ. ಅದು ಮೂರು ಸಲ ಉತ್ತರ ಕೊಡುತ್ತದೆ, ಸಾಕು.

ಇಂಥ ನೆಮ್ಮದಿಯ ಮೇಲೆ ಕಳೆದ ವರ್ಷ ದಸರಾ ರಜೆ ಮುಗಿದ ಕೂಡಲೇ ಒಂದು ಸುತ್ತೋಲೆ ಬಂದು ಬಿತ್ತು. ಚಿತ್ರದುರ್ಗದಲ್ಲಿ ಹೈಸ್ಕೂಲು ಮಕ್ಕಳ ಚಿತ್ರಕಲಾ ಪ್ರದರ್ಶನ. ಪ್ರತಿ ಶಾಲೆಯಿಂದ ಮೂರು ಚಿತ್ರ. ಪ್ರತಿ ಚಿತ್ರದ ಕೆಳಗೆ 'ಈ ಚಿತ್ರಕ್ಕೆ ನನ್ನ ಸ್ಫೂರ್ತಿ' ಎಂದು ಐದು ಸಾಲು ಬರೆದು ಅಂಟಿಸಿರಬೇಕು. ತೀರ್ಪುಗಾರರು ಕೇಳಿದಾಗ ವಿದ್ಯಾರ್ಥಿ ಬಾಯಿಬಿಟ್ಟು ಹೇಳಬೇಕು. ಅಷ್ಟೇ ಆಗಿದ್ದರೆ ಸರಿ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಮಾರ್ಗದರ್ಶಿ ಶಿಕ್ಷಕರೂ ತಮ್ಮದೊಂದು ಕೃತಿಯನ್ನು ಸ್ಫೂರ್ತಿಯ ವಿವರದೊಂದಿಗೆ ಪ್ರದರ್ಶಿಸತಕ್ಕದ್ದು. ಹೆಡ್‌ಮಾಸ್ಟರು ಅದನ್ನು ನನ್ನ ಕೈಗೆ ಕೊಟ್ಟು, "ಒಳ್ಳೆ ಅವಕಾಶ ಮಿಸ್" ಎಂದರು. ಅವರು ಯಾವುದನ್ನು ಒಳ್ಳೆ ಅವಕಾಶ ಎಂದರೂ ಅದು ಬೇರೆಯವರಿಗೆ.

ಮೂವರನ್ನು ಆರಿಸಿದೆ. ಹತ್ತನೇ ಕ್ಲಾಸಿನ ತಿಪ್ಪೇಶ ಕೋಟೆ ಬರೆದಿದ್ದ. ಭೂಮಿಕಾ ನವಿಲು ಬರೆದಿದ್ದಳು. ಒಂಬತ್ತನೇ ಕ್ಲಾಸಿನ ಸಣ್ಣೀರಮ್ಮ ಕುರಿಗಳನ್ನು ಬರೆದಿದ್ದಳು. ಮೂವರಿಗೂ, "ನಿಮಗೆ ಈ ಚಿತ್ರ ಬರೀಬೇಕು ಅಂತ ಯಾಕೆ ಅನ್ನಿಸ್ತು, ನಿಜ ಬರ್ಕಂಡು ಬರ್ರಿ" ಎಂದು ಹೇಳಿಬಿಟ್ಟೆ. ನಿಜ ಬರೆಯಿರಿ ಎಂದು ಮಕ್ಕಳಿಗೆ ಹೇಳಬಾರದು, ಬರೆದುಬಿಡುತ್ತಾರೆ. ತಿಪ್ಪೇಶ ಬರೆದಿದ್ದ: "ಕೋಟೆ ಬರೆಯುವುದು ಸುಲಭ. ಕಲ್ಲು ಎಲ್ಲಿ ಹೆಂಗೆ ಇದ್ದರೂ ಯಾರೂ ತಪ್ಪು ಹಿಡಿಯುವುದಿಲ್ಲ. ಬೂದಿ ಬಣ್ಣ ಒಂದೇ ಸಾಕು." ಭೂಮಿಕಾ ಬರೆದಿದ್ದಳು: "ನನ್ನ ಸ್ಫೂರ್ತಿ ನಮ್ಮ ಅಕ್ಕನ ಮೊಬೈಲ್ ಕವರ್." ಸಣ್ಣೀರಮ್ಮನ ಹಾಳೆಯಲ್ಲಿ ಅವಳ ಹೆಸರು, ತರಗತಿ, ಕ್ರಮಸಂಖ್ಯೆ ಬಿಟ್ಟರೆ ಏನೂ ಇರಲಿಲ್ಲ.

ಸಣ್ಣೀರಮ್ಮ ಯಲ್ಲದಕೆರೆ ಕಡೆಯ ಒಂದು ಹಟ್ಟಿಯವಳು. ಕುರಿ ಕಾಯುವವರ ಮನೆ. ಇಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಾಳೆ. ಕ್ಲಾಸಿನಲ್ಲಿ ಅವಳು ಇದ್ದಾಳೋ ಇಲ್ಲವೋ ಎನ್ನುವುದು ಹಾಜರಿ ಕೂಗಿದಾಗಲೇ ತಿಳಿಯುವುದು. ಅವಳ ಚಿತ್ರದಲ್ಲಿ ಸುಮಾರು ಅರವತ್ತು ಕುರಿಗಳಿದ್ದವು, ಅರವತ್ತೂ ನಮ್ಮ ಕಡೆ ಬೆನ್ನು ಹಾಕಿದ್ದವು. ಬರೀ ಬೆನ್ನು, ಬಾಲ, ಧೂಳು. ಮುಂದೆ ದೂರದಲ್ಲಿ ಕಂಬಳಿ ಹೊದ್ದ ಒಂದು ಆಕೃತಿ, ಅದರದೂ ಬೆನ್ನೇ.

"ಮುಖ ಬರೆಯೋಕೆ ಬರಲ್ವೇನೇ?" ಎಂದೆ.

"ಬರ್ತೈತೆ ಮಿಸ್."

"ಮತ್ತೆ ಒಂದು ನಾಲ್ಕು ಕುರಿನಾದ್ರೂ ಈ ಕಡೆ ತಿರುಗಿಸು. ನೋಡೋರಿಗೆ ಬರೀ ಹಿಂಭಾಗ ತೋರಿಸಿದ್ರೆ ಏನು ಚೆಂದ?"

ಅವಳು ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ತಿರುಗಲ್ಲ ಮಿಸ್" ಎಂದಳು. ಅಷ್ಟೇ. ಕುರಿಗಳ ಬಗ್ಗೆ ಹೇಳಿದಳೋ ತನ್ನ ಬಗ್ಗೆ ಹೇಳಿದಳೋ ತಿಳಿಯಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಕೇಳದಿರುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಕೊನೆಗೆ ಮೂವರ ಸ್ಫೂರ್ತಿಯನ್ನೂ ನಾನೇ ಕೂತು ಬರೆದೆ. ತಿಪ್ಪೇಶನಿಗೆ, "ಗತವೈಭವದ ಮೂಕಸಾಕ್ಷಿಯಾಗಿ ನಿಂತಿರುವ ಕಲ್ಲಿನ ಕೋಟೆ..." ಭೂಮಿಕಾಳಿಗೆ, "ಮೇಘಮಾಲೆಯನ್ನು ಕಂಡು ಗರಿಗೆದರುವ ಮಯೂರ..." ಸಣ್ಣೀರಮ್ಮನಿಗೆ, "ಕುರಿ ಸಾಕಣೆಯು ನಮ್ಮ ನಾಡಿನ ಬೆನ್ನೆಲುಬು..." ಅರವತ್ತು ಬೆನ್ನುಗಳಿಗೆ ಅದು ಹೊಂದುತ್ತದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಒಂದು ವಾರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮೂವರನ್ನೂ ನಿಲ್ಲಿಸಿ ಬಾಯಿಪಾಠ ಮಾಡಿಸಿದೆ. ಅವರವರ ಸ್ಫೂರ್ತಿಯನ್ನು ಅವರವರು ಅಷ್ಟು ಕಷ್ಟಪಟ್ಟು ಉರುಹೊಡೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ನನ್ನದು. ಬಣ್ಣದ ಪೆಟ್ಟಿಗೆ ತೆಗೆದರೆ ಅರ್ಧ ಟ್ಯೂಬುಗಳು ಕಲ್ಲಾಗಿದ್ದವು. ಮಕ್ಕಳಿಗೆ ಹೇಳಿಕೊಡುವುದೇ ಹೊರತು ನನಗಾಗಿ ಏನನ್ನಾದರೂ ಬರೆದು ವರ್ಷಗಳೇ ಆಗಿದ್ದವು. ಏನು ಬರೆಯುವುದು? ಒಂದು ಭಾನುವಾರ ಬೆಳಿಗ್ಗೆ ಮಹಡಿಯಲ್ಲಿ ಹಾಳೆ ಹರಡಿಕೊಂಡು ಕುಳಿತೆ. ಅಲ್ಲಿ ಬಟ್ಟೆ ಒಣಗಿಸಲು ಎರಡು ಹಗ್ಗ ಕಟ್ಟಿದ್ದಾರೆ. ಒಂದು ಶಾಂತಕ್ಕನವರದು, ಒಂದು ನನ್ನದು. ಅವರ ಹಗ್ಗ ಭಾರಕ್ಕೆ ಬಾಗಿ ನೆಲ ಮುಟ್ಟುವ ಹಾಗಿತ್ತು: ಸ್ಕೂಲ್ ಯೂನಿಫಾರಂ, ಚೌಕುಳಿ ಲುಂಗಿ, ಕೂಸಿನ ಹಳದಿ ಕುಲಾವಿ, ಅತ್ತೆಯ ಕೆಂಪಂಚಿನ ಸೀರೆ, ಸೊಸೆಯ ನೈಟಿ, ಒಂಟಿಯಾಗಿ ಜೋತಾಡುವ ಕಾಲುಚೀಲ. ನನ್ನ ಹಗ್ಗದ ಮೇಲೆ ಒಂದು ಸೀರೆ, ಒಂದು ಟವೆಲ್. ಅಮ್ಮ ಇದ್ದಾಗ ಎರಡು ಸೀರೆ ಇರುತ್ತಿದ್ದವು. ಮೋಟು ಹಗ್ಗವೇ ಸಾಕಾಗುವಲ್ಲಿ ಅಷ್ಟುದ್ದದ ಹಗ್ಗ ಯಾಕಿದೆ ಎಂದು ನನಗೂ ಗೊತ್ತಿಲ್ಲ, ಬಿಚ್ಚಲು ಮನಸ್ಸು ಬಂದಿಲ್ಲ.

ಶಾಂತಕ್ಕನವರ ಹಗ್ಗವನ್ನು ಬರೆದೆ. ಎಷ್ಟು ಚೆನ್ನಾಗಿ ಬಂತೆಂದರೆ ಮಧ್ಯಾಹ್ನದ ಅಡುಗೆ ಮರೆತುಹೋಯಿತು. ಗಾಳಿ ತುಂಬಿದ ಲುಂಗಿ ಇನ್ನೇನು ಮಾತಾಡುತ್ತದೆ ಎನ್ನಿಸುತ್ತಿತ್ತು. ಎಡಗಡೆ ಒಂದಿಷ್ಟು ಜಾಗ ಖಾಲಿ ಉಳಿಯಿತು, ಅಲ್ಲಿ ಆಕಾಶವನ್ನು ಬಿಟ್ಟೆ. ಕೆಳಗೆ ಐದು ಸಾಲು ಬರೆದೆ: "ವರ್ಣಗಳ ವೈವಿಧ್ಯದಲ್ಲಿ ಏಕತೆಯನ್ನು ಕಾಣುವ ಕಲಾವಿದೆಯ ತುಡಿತ" ಎಂದು ಮೊದಲುಮಾಡಿ, "ಭಾರತೀಯ ಸಂಸ್ಕೃತಿ" ಎಂದು ಮುಗಿಸಿದೆ. ನಡುವೆ ಏನಿತ್ತು ಎನ್ನುವುದು ನನಗೇ ಬಾಯಿಪಾಠವಾಗಿರಲಿಲ್ಲ.

ಪ್ರದರ್ಶನದ ದಿನ ಬೆಳಿಗ್ಗೆ ಮೂವರೂ ಚಿತ್ರಗಳನ್ನು ಹೊರಲು ನಮ್ಮ ಮನೆಗೇ ಬಂದರು. ನಾನು ಹಳೆಯ ಬೆಡ್‌ಶೀಟಿನಲ್ಲಿ ಫ್ರೇಮುಗಳನ್ನು ಸುತ್ತುವ ಗಡಿಬಿಡಿಯಲ್ಲಿದ್ದೆ. ತಿಪ್ಪೇಶ ನನ್ನ ಚಿತ್ರ ನೋಡಿ, "ಮಿಸ್, ಆ ಕಾಲುಚೀಲದ ಜೋಡಿ ಎಲ್ಲೋಯ್ತು?" ಎಂದು ಕೇಳಿದ. ಕಲಾವಿಮರ್ಶೆ ಅಲ್ಲಿಗೆ ಮುಗಿಯಿತು. ಸಣ್ಣೀರಮ್ಮ ಮಾತ್ರ ಮಹಡಿಯಲ್ಲಿ ನಿಂತು ಒಂದು ಹಗ್ಗ ನೋಡಿದಳು, ಇನ್ನೊಂದು ಹಗ್ಗ ನೋಡಿದಳು, ನನ್ನ ಚಿತ್ರ ನೋಡಿದಳು. ಬೆಡ್‌ಶೀಟಿನ ಗಂಟು ಬಿಗಿ ಮಾಡಿ, "ಹೋಗಾಣ ಮಿಸ್, ಬಸ್ ಬಂದ್ಬಿಡ್ತೈತೆ" ಎಂದಳು.

ಹೊಸದುರ್ಗ, ಹೊಳಲ್ಕೆರೆ ದಾಟಿ ಚಿತ್ರದುರ್ಗ ಮುಟ್ಟುವ ತನಕ ತಿಪ್ಪೇಶ ಕಿಟಕಿ ಸರಳು ಹಿಡಿದು "ಗತವೈಭವದ ಮೂಕಸಾಕ್ಷಿ" ಎಂದು ಜಪಿಸುತ್ತಿದ್ದ. ಪಕ್ಕದ ಸೀಟಿನ ಅಜ್ಜ ಯಾವುದೋ ಹರಕೆ ಇರಬೇಕೆಂದು ಕೈಮುಗಿದರು. ಸಭಾಂಗಣದಲ್ಲಿ ನಮಗೆ ಸಿಕ್ಕಿದ್ದು ಕುಡಿಯುವ ನೀರಿನ ಡ್ರಮ್ಮಿನ ಪಕ್ಕದ ಗೋಡೆ. ಕೋಟೆ, ನವಿಲು, ಕುರಿ, ಕೊನೆಗೆ ಬಟ್ಟೆ, ಹೀಗೆ ಸಾಲಾಗಿ ತೂಗುಹಾಕಿದೆವು.

ಹನ್ನೆರಡರ ಹೊತ್ತಿಗೆ ತೀರ್ಪುಗಾರರೊಬ್ಬರು ಬಂದರು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದ, ನಿಧಾನ ಮಾತಿನ ಹಿರಿಯರು. ತಿಪ್ಪೇಶ ಎದೆಯುಬ್ಬಿಸಿ, "ಗತವೈಭವದ ಮೂಕ... ಮೂಕ..." ಎಂದವನು ನನ್ನ ಕಡೆ ನೋಡಿ, "ಮೂಕಪ್ರಾಣಿ" ಎಂದು ಮುಗಿಸಿದ. ಹಿರಿಯರು ತಲೆಯಾಡಿಸಿ ಮುಂದಕ್ಕೆ ಬಂದರು. ಭೂಮಿಕಾ ಒಂದೇ ಉಸಿರಿಗೆ ಪೂರ್ತಿ ಒಪ್ಪಿಸಿದಳು. ಅವಳಿಗೆ ಅರ್ಥವಾಗಲಿಲ್ಲ, ಅವರಿಗೆ ಕೇಳಿಸಲಿಲ್ಲ. ಆಮೇಲೆ ಸಣ್ಣೀರಮ್ಮ.

"ಕುರಿ ಸಾಕಣೆಯು ನಮ್ಮ ನಾಡಿನ..." ಎಂದಳು. ನಿಂತಳು. ಮುಂದಿನ ಪದ ಬರಲಿಲ್ಲ. ನಾನು ತೀರ್ಪುಗಾರರ ಹಿಂದೆ ನಿಂತಿದ್ದವಳು ಅವಳಿಗೆ ಕಾಣಲೆಂದು ತಿರುಗಿ, ನನ್ನ ಬೆನ್ನೆಲುಬನ್ನು ಬೆರಳಿನಿಂದ ಮೇಲಿಂದ ಕೆಳಕ್ಕೆ ತೋರಿಸಿದೆ. ಅವಳ ಮುಖದಲ್ಲಿ ಗಾಬರಿ.

"ಬೆನ್ನು ನೋಯ್ತೈತಾ ಮಿಸ್? ಕುಂತ್ಕಳ್ರಿ" ಎಂದಳು.

ಸುತ್ತಲಿದ್ದವರು ನಕ್ಕರು. ಹಿರಿಯರು ನಗಲಿಲ್ಲ. "ಈ ವಾಕ್ಯ ಯಾರು ಬರೆದುಕೊಟ್ಟಿದ್ದಮ್ಮ?" ಎಂದರು. ಮೂರು ಮಕ್ಕಳ ಮೂರು ಬೆರಳು ಒಟ್ಟಿಗೆ ನನ್ನ ಕಡೆ ತಿರುಗಿದವು. ಅಷ್ಟು ಒಗ್ಗಟ್ಟನ್ನು ನಾನು ಸಾಮೂಹಿಕ ಪ್ರಾರ್ಥನೆಯಲ್ಲೂ ನೋಡಿರಲಿಲ್ಲ.

"ಅದಿರಲಿ ಬಿಡು. ಕುರಿಗಳು ಯಾಕೆ ಎಲ್ಲ ಆ ಕಡೆ ತಿರುಗಿವೆ, ಅದು ಹೇಳು" ಎಂದರು ಹಿರಿಯರು.

ಸಣ್ಣೀರಮ್ಮ ಚಿತ್ರದ ಕಡೆ ತಿರುಗಿದಳು. "ದೀಪಾವಳಿ ಆದಮ್ಯಾಲೆ ಅಪ್ಪ ಕುರಿ ಹೊಡ್ಕಂಡು ಮೇವಿಗೆ ಭದ್ರಾ ನೀರಿನ ಕಡೆ ಹೋಗ್ತನೆ ಸಾರ್. ಅವ್ವನೂ ಹೋಗ್ತಳೆ. ಉಗಾದಿ ತನ್ಕ ಬರಲ್ಲ. ನಾನು ಹಟ್ಟಿ ಬಾಗ್ಲಾಗೆ ನಿಂತಿರ್ತೀನಿ. ಕುರಿ ಯಾವೂ ತಿರುಗಿ ನೋಡಲ್ಲ. ಅಪ್ಪನೂ ತಿರುಗಲ್ಲ. ತಿರುಗಿದ್ರೆ ನಾನು ಅಳ್ತೀನಿ ಅಂತ. ನಂಗೆ ಕಾಣಾದು ಇಷ್ಟೇ ಸಾರ್. ಮುಖ ಬರೆದ್ರೆ ಸುಳ್ಳಾಗ್ತೈತೆ."

ಹಿರಿಯರು ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ಮತ್ತೊಮ್ಮೆ ಚಿತ್ರ ನೋಡಿದರು. ನಾಲ್ಕು ಕುರಿಗಳನ್ನಾದರೂ ತಿರುಗಿಸು ಎಂದಿದ್ದೆನಲ್ಲ, ಆ ನಾನು ಅಲ್ಲಿ ನಿಲ್ಲಲಾರದೆ ಹೋದೆ. ಚಹಾ ಕುಡಿದು ಬರುತ್ತೇನೆ ಎಂದು ಯಾರಿಗೋ ಹೇಳಿದಂತೆ ಮಾಡಿ ಹೊರಗೆ ನಡೆದೆ. ಚಹಾ ಇರಲಿಲ್ಲ. ವರಾಂಡದ ತುದಿಯವರೆಗೆ ಹೋಗಿ, ನೋಟಿಸ್ ಬೋರ್ಡಿನಲ್ಲಿ ಯಾವುದೋ ಹಳೆಯ ಹರಾಜಿನ ಪ್ರಕಟಣೆಯನ್ನು ಎರಡು ಸಲ ಓದಿ ವಾಪಸ್ಸು ಬಂದೆ.

ಬರುವಷ್ಟರಲ್ಲಿ ಹಿರಿಯರು ನನ್ನ ಚಿತ್ರದ ಮುಂದೆ ನಿಂತಿದ್ದರು. ಬರೆದವಳು ಇಲ್ಲದ್ದರಿಂದ, "ಇದರ ಬಗ್ಗೆ ಹೇಳೋರು ಯಾರು?" ಎಂದು ಕೇಳಿರಬೇಕು. ನಾನು ನೀರಿನ ಡ್ರಮ್ಮಿನ ಈಚೆಗೆ ಇದ್ದೆ. ಮುಂದಕ್ಕೆ ಹೆಜ್ಜೆ ಇಡುವಷ್ಟರಲ್ಲಿ ಸಣ್ಣೀರಮ್ಮನ ದನಿ ಕೇಳಿಸಿತು. ಒಮ್ಮೆ ಬಾಯಿ ತೆರೆದವಳಿಗೆ ಈಗ ಧೈರ್ಯ ಬಂದುಬಿಟ್ಟಿತ್ತು.

"ಅದು ನಮ್ ಮಿಸ್ ಮನೆ ಮಹಡಿ ಸಾರ್. ಆದ್ರೆ ಆ ಬಟ್ಟೆ ಒಂದೂ ಮಿಸ್ಸಿನವಲ್ಲ. ಕೆಳಗಿನ ಮನೆಯೋರವು. ಮಿಸ್ ಹಗ್ಗ ಬ್ಯಾರೆ ಐತೆ. ಅದ್ರಾಗೆ ಒಂದ್ ಸೀರೆ, ಒಂದ್ ಟವೆಲ್ಲು. ಮಿಸ್ ಒಬ್ರೇ ಅವ್ರೆ ಸಾರ್. ಮನೆ ತುಂಬ ಜನ ಇದ್ದಂಗೆ ಕಾಣ್ಲಿ ಅಂತ ಅದನ್ನ ಬರೆದವ್ರೆ."

ಕಾರ್ಡಿನಲ್ಲಿ ಏಕತೆ, ವೈವಿಧ್ಯ, ತುಡಿತ, ಸಂಸ್ಕೃತಿ ಎಲ್ಲ ನನ್ನ ದುಂಡನೆಯ ಅಕ್ಷರದಲ್ಲಿ ಹಾಗೇ ಇದ್ದವು. ಹಿರಿಯರು ಅದನ್ನು ಓದಲಿಲ್ಲ. ನಾನು ಒಂದು ಲೋಟ ನೀರು ಹಿಡಿದು ಕುಡಿದೆ, ಇನ್ನೊಂದು ಲೋಟ ಹಿಡಿದೆ. ಆ ದಿನ ನಾನು ಕುಡಿದಷ್ಟು ನೀರನ್ನು ಆ ಸಭಾಂಗಣದಲ್ಲಿ ಇನ್ಯಾರೂ ಕುಡಿದಿರಲಾರರು. ಅವಮಾನವಾಯಿತೆ? ಆಯಿತು. ಆದರೆ ನನ್ನೊಳಗೆ ಅಮ್ಮ ಹೋದಾಗಿನಿಂದ ಬಿಗಿಹಿಡಿದಿದ್ದ ಏನೋ ಒಂದು ಸಡಿಲವಾದದ್ದೂ ನಿಜ. ನನ್ನ ಹಗ್ಗವನ್ನು ಒಬ್ಬಳು ನಿಂತು ನೋಡಿದ್ದಳು.

ಸಂಜೆ ಬಹುಮಾನ ಘೋಷಿಸಿದರು. ಕುರಿಗೆ ಬರಲಿಲ್ಲ, ಕೋಟೆಗೆ ಬರಲಿಲ್ಲ, ಬಟ್ಟೆಗಂತೂ ಬರುವ ಪ್ರಶ್ನೆಯೇ ಇಲ್ಲ. ನವಿಲಿಗೆ ಮೂರನೇ ಬಹುಮಾನ. ತೀರ್ಪುಗಾರರು ಮೂವರಿದ್ದರಂತೆ, ನಮ್ಮ ಹಿರಿಯರ ಮಾತು ಉಳಿದಿಬ್ಬರ ಮುಂದೆ ನಡೆಯಲಿಲ್ಲವಂತೆ. ಭೂಮಿಕಾ ಫಲಕ ಎದೆಗವಚಿಕೊಂಡು, "ಮಿಸ್, ಇದನ್ನ ನಮ್ಮಕ್ಕನ ಮೊಬೈಲ್ ಪಕ್ಕ ಇಟ್ಟು ಫೋಟೋ ತೆಗೀತೀನಿ" ಎಂದಳು. ಕೃತಜ್ಞತೆ ಎಂದರೆ ಅದು.

ವಾಪಸ್ಸು ಬಸ್ಸಿನಲ್ಲಿ ಸಣ್ಣೀರಮ್ಮ ನನ್ನ ಪಕ್ಕ ಕುಳಿತಳು. ಬಸ್ಸು ಹೊಳಲ್ಕೆರೆ ದಾಟಿತು. ಆಮೇಲೆ ಮೆಲ್ಲಗೆ, "ನಾನ್ ಹೇಳಿದ್ದು ತಪ್ಪಾಯ್ತಾ ಮಿಸ್? ನೀವು ಡ್ರಮ್ ಹತ್ರ ಇದ್ದಿದ್ದು ಆಮ್ಯಾಲೆ ನೋಡಿದೆ" ಎಂದಳು.

"ತಪ್ಪಲ್ಲ ಕಣೇ."

"ನಿಮ್ ಸೀರೆನೂ ಬರೀಬೌದಿತ್ತು ಮಿಸ್. ಎಡಗಡೆ ಜಾಗ ಐತಲ್ಲ."

ನಾನು ಮಾತು ಬದಲಿಸಲು, "ಭಾನುವಾರ ಹಾಸ್ಟೆಲಿನಲ್ಲಿ ಏನು ಮಾಡ್ತೀಯ?" ಎಂದು ಕೇಳಿದೆ. ಎರಡು ವರ್ಷದಿಂದ ನಮ್ಮ ಶಾಲೆಯಲ್ಲಿರುವ ಹುಡುಗಿಯನ್ನು ನಾನು ಕೇಳಿದ ಮೊದಲ ಸ್ವಂತ ಪ್ರಶ್ನೆ ಅದು.

"ಎಲ್ಲರ ಮನೆಯೋರೂ ನೋಡಾಕೆ ಬರ್ತಾರೆ ಮಿಸ್. ತಿಂಡಿ ತರ್ತಾರೆ. ನಾನು ಹಿಂದ್ಗಡೆ ಹೋಗಿ ಬಟ್ಟೆ ಒಗೀತಿರ್ತೀನಿ. ಒಗೆಯಾದು ಮುಗಿದ್ರೂ ಇನ್ನೊಂದ್ಸಲ ಒಗೀತೀನಿ, ಅವ್ರು ಹೋಗಾತನ್ಕ."

ನಮ್ಮ ಮನೆಗೆ ಬಾರೇ ಎನ್ನಬೇಕಿತ್ತು. ಮೂರು ಪದ. ಅದರಲ್ಲೇನು ಕಷ್ಟ? ಆದರೆ ಯಾರನ್ನೂ ಮನೆಗೆ ಕರೆದು ಅಭ್ಯಾಸವಿಲ್ಲದ ಬಾಯಿಗೆ ಅದು "ಗತವೈಭವದ ಮೂಕಸಾಕ್ಷಿ"ಗಿಂತ ಕಷ್ಟವಾಯಿತು. ಹೊಸದುರ್ಗದಲ್ಲಿ ಬಸ್ಸು ಬದಲಿಸುವಾಗ ಹೇಳೋಣ ಎಂದುಕೊಂಡೆ, ಆಗಲಿಲ್ಲ. ಶ್ರೀರಾಂಪುರದಲ್ಲಿ ಇಳಿದಾಗ ಹೇಳೋಣ ಎಂದುಕೊಂಡೆ. ಅವಳು "ಬತ್ತೀನಿ ಮಿಸ್" ಎಂದು ಹಾಸ್ಟೆಲಿನ ಕಡೆ ನಡೆದಳು. ಹಿಂದಿನಿಂದ ನೋಡುತ್ತ ನಿಂತೆ.

ಸೋಮವಾರ ಧೈರ್ಯ ಮಾಡಿದೆ, ಸರ್ಕಾರಿ ರೀತಿಯಲ್ಲಿ. ಮೂವರನ್ನೂ ಕರೆಸಿ ಗಂಟು ಮುಖ ಹಾಕಿಕೊಂಡು, "ಪ್ರದರ್ಶನದಲ್ಲಿ ನಿಮ್ಮ ಕೆಲವು ನ್ಯೂನತೆಗಳು ಕಂಡುಬಂದಿವೆ. ಮುಂದಿನ ಭಾನುವಾರದಿಂದ ಹನ್ನೊಂದು ಗಂಟೆಗೆ ನಮ್ಮ ಮನೆಯಲ್ಲಿ ವಿಶೇಷ ತರಗತಿ" ಎಂದೆ. ಹಾಸ್ಟೆಲಿನ ವಾರ್ಡನ್ನರಿಗೆ 'ಕಲಾ ಕೌಶಲ್ಯದ ಸಂವರ್ಧನೆಗಾಗಿ' ಎಂದು ಒಂದು ಪತ್ರ ಬರೆದು ಅನುಮತಿ ಪಡೆದೆ. ಬಹುಮಾನ ಬಂದವಳಿಗೂ ನ್ಯೂನತೆಯೇ ಎಂದು ಭೂಮಿಕಾ ಗೊಣಗಿದಳು. ತಿಪ್ಪೇಶ, "ತಿಂಡಿ ಇರ್ತೈತಾ ಮಿಸ್?" ಎಂದು ಕೇಳಿದ. ಸಣ್ಣೀರಮ್ಮ ನನ್ನ ಮುಖವನ್ನೇ ನೋಡಿದಳು. ಆ ಹುಡುಗಿಗೆ ಚಿತ್ರ ಓದಲು ಬರುತ್ತದೆ, ಮುಖ ಓದಲು ಬರದೇ ಇರುತ್ತದೆಯೇ?

ಭಾನುವಾರ ಬೆಳಿಗ್ಗೆ ಆರಕ್ಕೇ ಎದ್ದು ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚಿದೆ. ಮೆಣಸಿನಕಾಯಿ ಬೋಂಡಕ್ಕೆ ಹಿಟ್ಟು ಕಲಸಿದೆ. ಒಂದೂವರೆ ಕೋಣೆಯನ್ನು ಎರಡು ಸಲ ಗುಡಿಸಿದೆ. ಒಂಬತ್ತಕ್ಕೆಲ್ಲ ಕೆಲಸ ಮುಗಿದುಹೋಗಿ, ಕೆಳಗಿಳಿದು ಗೇಟಿನ ಬಳಿ ನಿಂತೆ. ಹತ್ತಾಯಿತು. ಹತ್ತೂವರೆಯಾಯಿತು. ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಹೊರಬಂದ ಶಾಂತಕ್ಕ, "ಯಾರ್ನ ಕಾಯ್ತಿದೀರಿ ಮಿಸ್?" ಎಂದರು.

"ಪೋಸ್ಟ್‌ಮನ್ ಬರ್ಬೇಕಿತ್ತು" ಎಂದೆ.

ಭಾನುವಾರ ಪೋಸ್ಟ್ ಬರುವುದಿಲ್ಲ ಎಂದು ಅವರು ಹೇಳಲಿಲ್ಲ. ಕೂಸನ್ನು ಆಡಿಸುತ್ತ ನನ್ನ ಪಕ್ಕದಲ್ಲೇ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಬೀದಿಯ ತಿರುವಿನ ಕಡೆ ಕೈತೋರಿಸಿ, "ಬಂತು ನೋಡ್ರಿ ನಿಮ್ ಪೋಸ್ಟು, ಮೂರ್ ಮೂರು" ಎಂದರು.

ನೋಡಿದವಳೇ, ಐವತ್ತಮೂರು ವರ್ಷದ ಮಂಡಿಯನ್ನು ಲೆಕ್ಕಿಸದೆ ಮೆಟ್ಟಿಲು ಹತ್ತಿ ಓಡಿದೆ. ಕಾಯುತ್ತಿದ್ದವಳಂತೆ ಕಂಡರೆ ಟೀಚರಿನ ಮರ್ಯಾದೆ ಏನಾಗಬೇಕು? ಒಳಗೆ ಹೋಗಿ ಚಿಲಕ ಹಾಕಿಕೊಂಡು, ಬಾಗಿಲಿಗೇ ಒರಗಿ ನಿಂತು ಏದುಸಿರು ಬಿಡುತ್ತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಮನಸ್ಸಿನಲ್ಲೇ ಹತ್ತು ಎಣಿಸಿ, ಆದಷ್ಟು ಬೇಸರದ ದನಿ ತಂದುಕೊಂಡು, "ಯಾರದು?" ಎಂದೆ.